ಬುಟ್ಟಿ ಮನೆಯವರ ರಹದಾರಿ

ನಮ್ಮೂರಿನಲ್ಲಿ ಹುಟ್ಟಿದವರ ಅಂಗಾಲು ಒಣಗುವುದಿಲ್ಲ. ನಡೆದಲ್ಲೆಲ್ಲ ಒದ್ದೆ ಹೆಜ್ಜೆ ಬೀಳುತ್ತದೆ. ಬಿಸಿಲಿನ ದಿನ ಬೇಗ ಆರುತ್ತದೆ, ಮೋಡದ ದಿನ ತಡವಾಗಿ ಆರುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ನಮ್ಮಲ್ಲಿ ಅಕ್ಕಿ ಮೂಟೆಯನ್ನು ನೆಲಕ್ಕಿಡುವ ಅಂಗಡಿಯವನಿಲ್ಲ, ಎಲ್ಲವೂ ಅಟ್ಟಣಿಗೆಯ ಮೇಲೆ. ಶಾಲೆಯಲ್ಲಿ ಮಕ್ಕಳ ಚೀಲ ಗೋಡೆಯ ಮೊಳೆಗೆ. ಗಂಡ ಸಂಜೆ ಯಾರ ಮನೆಯ ಬಾಗಿಲಿಗೆ ಹೋಗಿದ್ದ ಎಂದು ಹೆಂಡತಿ ಯಾರನ್ನೂ ಕೇಳಬೇಕಾಗಿಲ್ಲ, ಬೀದಿಯೇ ಹೇಳುತ್ತದೆ. ಕಳ್ಳತನವೆಂಬುದು ಮಳೆಗಾಲದಲ್ಲಿ ಮಾತ್ರ ನಡೆಯುತ್ತದೆ. ಪ್ರತಿ ಮನೆಯ ಹೊಸ್ತಿಲಲ್ಲೂ ತೆಂಗಿನ ನಾರಿನ ಒಂದು ಕಾಲೊರಸು ಇರಲೇಬೇಕು, ಮತ್ತು ಅದನ್ನು ಹೆಣೆದು ಕೊಟ್ಟೇ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಊರು ಬಿಟ್ಟು ಹೊರಡುವವರ ಹೆಜ್ಜೆಯನ್ನು ಮಾತ್ರ ನಾವು ಒರೆಸುವುದಿಲ್ಲ. ಹೊಸ್ತಿಲು ದಾಟುವ ಮೊದಲು ಒಳಗಡೆ ಬಿದ್ದ ಕೊನೆಯ ಹೆಜ್ಜೆಯೊಂದನ್ನು, ಯಾರೂ ತುಳಿಯದ ಹಾಗೆ, ಬೆತ್ತದ ಬುಟ್ಟಿ ಕವುಚಿ ಕಾಯುತ್ತೇವೆ. ಹೋದವರಿಗೆ ಹೋದಲ್ಲಿ ಒಂದು ನೆಲೆ ಸಿಗಬೇಕು, ಅಂದರೆ ಎದ್ದು ಹೋಗು ಎಂದು ಯಾರೂ ಹೇಳಲಾಗದ ಒಂದು ಜಾಗ ಸಿಗಬೇಕು. ಸಿಕ್ಕಿದ ದಿನ ಇಲ್ಲಿ ಬುಟ್ಟಿಯ ಕೆಳಗಿನ ಹೆಜ್ಜೆ ಆರುತ್ತದೆ. ಪಕ್ಕದ ಊರಿಗೆ ಮದುವೆಯಾಗಿ ಹೋದ ಹುಡುಗಿಯ ಹೆಜ್ಜೆ ಮರುದಿನ ಬೆಳಿಗ್ಗೆ ಆರದಿದ್ದರೆ ಅಪ್ಪ, ಸೋದರಮಾವ ಎಲ್ಲ ಸೇರಿ ಬೀಗರ ಮನೆಗೆ ಜಗಳಕ್ಕೆ ಹೋಗುತ್ತಾರೆ. ಬೀಗರೂ ಸುಳ್ಳು ಹೇಳುವುದಿಲ್ಲ, ಹೇಳಿ ಪ್ರಯೋಜನವಿಲ್ಲವಲ್ಲ.

ನಮ್ಮ ದಾಮೋದರಣ್ಣ ಹೊರಟು ಒಂಬತ್ತು ವರ್ಷವಾಗಿತ್ತು, ಅವನ ಹೆಜ್ಜೆ ಆರಿರಲಿಲ್ಲ. ಅವನ ಹೆಂಡತಿ ಅಹಲ್ಯಾ, ನನ್ನ ಅತ್ತಿಗೆ, ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬುಟ್ಟಿ ಎತ್ತಿ ನೋಡುತ್ತಿದ್ದರು. ನೋಡಿ ಮತ್ತೆ ಕವುಚುತ್ತಿದ್ದರು. ಆ ಹೆಸರಿಟ್ಟುಕೊಂಡು ಇನ್ನೇನು ಮಾಡ್ತೀಯ, ಗಂಡಸಿನ ಪಾದ ಕಾಯುವುದೇ ನಿನ್ನ ಹಣೆಬರಹ ಎಂದು ನೆರೆಯ ಮುದುಕಿಯರು ತಮಾಷೆ ಮಾಡುತ್ತಿದ್ದರು. ಅತ್ತಿಗೆ ನಗುತ್ತಿದ್ದರು. ನಗು ಮುಗಿದ ಮೇಲೆ ಮುಖ ಎಲ್ಲಿಗೋ ಹೋಗಿರುತ್ತಿತ್ತು.

ಅಣ್ಣ ಹಡಗು ಕಟ್ಟುವ ಬಡಗಿ. ನಮ್ಮೂರನ್ನು ಆಳುತ್ತಿದ್ದುದು ಕಡಲಾಚೆಯ ಒಬ್ಬ ದೊರೆ. ಅವನ ಬಾವುಟ ಬಂದರಿನ ಮೇಲೆ, ಅವನ ತಲೆ ನಾಣ್ಯದ ಮೇಲೆ, ಅವನ ಹುಟ್ಟುಹಬ್ಬಕ್ಕೆ ನಮಗೆ ರಜೆ. ದೊರೆಯ ನಾಡಿನಲ್ಲಿ ದೊಡ್ಡ ದೊಡ್ಡ ಹಡಗು ಕಟ್ಟುತ್ತಾರೆ, ಒಂದು ವರ್ಷದಲ್ಲಿ ನಿನ್ನನ್ನೂ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಅವನು ಹೊರಟ. ಅಲ್ಲಿ ಚಳಿಯಂತೆ ಎಂದು ಅತ್ತಿಗೆ ಉಣ್ಣೆಯ ಕೋಟೊಂದನ್ನು ಹೊಲಿಸಿಕೊಂಡರು. ನಮ್ಮೂರಿನ ಸೆಕೆಯಲ್ಲಿ ಆ ಕೋಟು ನೋಡಿದರೇ ಬೆವರು ಬರುತ್ತಿತ್ತು. ದರ್ಜಿ ಹೊಲಿಯುವಾಗ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದನಂತೆ.

ನಮಗೆ ಕೊಡುತ್ತಿದ್ದುದು ಬೂದು ಬಣ್ಣದ ರಹದಾರಿ. ಹೊಸ ಹುಡುಗರು ಅದನ್ನು ಪಾಸ್‌ಪೋರ್ಟ್ ಎನ್ನುತ್ತಿದ್ದರು. ಇದನ್ನು ಹಿಡಿದವನು ದೊರೆಯ ಆಶ್ರಿತ, ಇವನನ್ನು ಎಲ್ಲ ದೇಶದವರೂ ತಡೆಯದೆ ಬಿಡತಕ್ಕದ್ದು ಎಂದು ಅದರ ಮೊದಲ ಪುಟದಲ್ಲಿ ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಎಲ್ಲ ದೇಶದವರೂ ಎಂದರೆ ದೊರೆಯ ದೇಶವೊಂದನ್ನು ಬಿಟ್ಟು ಎಂದು ಅರ್ಥ. ಅಲ್ಲಿ ಇಳಿದು ಬಾಳಬೇಕಾದರೆ ಕೆಂಪು ರಹದಾರಿ ಬೇಕು. ಅದು ಅವನ ದೇಶದಲ್ಲಿ ಹುಟ್ಟಿದವರಿಗೆ. ತನ್ನ ಆಳನ್ನು ಊರೆಲ್ಲ ಆದರಿಸಲಿ ಎಂದು ಹೇಳಿ ತನ್ನ ಮನೆಯ ಬಾಗಿಲು ಮಾತ್ರ ಹಾಕಿಕೊಂಡ ಯಜಮಾನನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾವು ನೋಡಿದ್ದೆವು, ಅವನ ಹುಟ್ಟುಹಬ್ಬಕ್ಕೆ ಮಿಠಾಯಿಯನ್ನೂ ತಿಂದಿದ್ದೆವು.

ಅಣ್ಣನನ್ನು ಅಲ್ಲಿಯ ಬಂದರಿನಲ್ಲಿ ಹಲಗೆಯ ಮೇಲೆ ನಡೆಸಿ ನೋಡಿದರಂತೆ. ಹೆಜ್ಜೆ ಕಂಡಿತು, ಬೂದು ರಹದಾರಿ ಕಂಡಿತು, ಬಂದ ಹಡಗಿಗೇ ಹತ್ತಿಸಿದರು. ಆ ಹಡಗಿನಲ್ಲಿ ಬಡಗಿಯ ಕೆಲಸ ಮಾಡುತ್ತ ಬಂದರಿನಿಂದ ಬಂದರಿಗೆ ಹೋದ. ಎಲ್ಲಿಯೂ ಹಡಗು ಹೊರಡುವವರೆಗೆ ಮಾತ್ರ ಇಳಿಯಲು ಬಿಡುತ್ತಿದ್ದರು. ಸುತ್ತಿ ಬಳಸಿ ಆ ಹಡಗು ನಮ್ಮ ಬಂದರಿಗೆ ಬರುವಷ್ಟರಲ್ಲಿ ಎರಡು ವರ್ಷ ದಾಟಿತ್ತು. ಬೂದು ರಹದಾರಿಯವನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಅವನು ಊರು ಬಿಟ್ಟವನೆಂದು ಲೆಕ್ಕ, ಮರಳುವ ಮುದ್ರೆ ಇಲ್ಲದೆ ಮತ್ತೆ ಇಳಿಯುವಂತಿಲ್ಲ. ಆ ಮುದ್ರೆ ಯಾರಿಗೂ ಸಿಕ್ಕಿದ್ದನ್ನು ನಾವು ಕೇಳಿರಲಿಲ್ಲ.

ಆವತ್ತು ನಾನೂ ಬಂದರಿನಲ್ಲಿದ್ದೆ. ಅಣ್ಣ ಹಡಗಿನ ಕಟಕಟೆ ಹಿಡಿದು ನಿಂತಿದ್ದ, ನಾವು ಹಗ್ಗದ ಈಚೆ. ನಡುವೆ ಇದ್ದ ನೀರು ನಮ್ಮ ಅಂಗಳದಷ್ಟೂ ಅಗಲವಿರಲಿಲ್ಲ. ಪೊಲೀಸರು ಪಾಪ ನಮ್ಮೂರಿನವರೇ, ಆಚೆ ಮುಖ ಮಾಡಿ ನಿಂತಿದ್ದರು. ಎರಡು ವರ್ಷದ ಮೇಲೆ ಗಂಡನನ್ನು ಕಂಡ ಅತ್ತಿಗೆ ಏನು ಕೂಗಿದರು ಗೊತ್ತೇ? "ಬಾವಿಯ ರಾಟೆ ಮುರಿದಿದೆ, ಹೊಸತು ಹಾಕಿಸಲಾ?" ಎಂದರು. ಅಣ್ಣ, "ಹಾಕಿಸು, ಹಲಸಿನ ಮರದ್ದೇ ಹಾಕಿಸು" ಎಂದ. ಅಷ್ಟರಲ್ಲಿ ಹಡಗು ಸಿಳ್ಳೆ ಹೊಡೆಯಿತು. ಮನೆಗೆ ಬಂದ ಮೇಲೆ ಅತ್ತಿಗೆ ತಲೆ ಚಚ್ಚಿಕೊಂಡು ಅತ್ತರು. ಹೇಳಬೇಕಾದ್ದು ಏನೆಲ್ಲ ಇತ್ತು, ರಾಟೆಯ ವಿಷಯ ಯಾಕೆ ತೆಗೆದೆ ಎಂದು ಅತ್ತರು. ರಾಟೆಯನ್ನು ಮಾತ್ರ ಹಲಸಿನದೇ ಹಾಕಿಸಿದರು.

ಅಣ್ಣನ ಹಾಗೆ ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದವರು ಊರಿನಲ್ಲಿ ಮೂವತ್ತು ನಲವತ್ತು ಮಂದಿ ಇದ್ದರು. ಅವರ ಮನೆಗಳಿಗೆ ಬುಟ್ಟಿ ಮನೆಗಳು ಎಂದು ಹೆಸರು ಬಿತ್ತು. ನಮ್ಮದೂ ಬುಟ್ಟಿ ಮನೆ. ಬುಟ್ಟಿ ಮನೆಯಲ್ಲಿ ಮದುವೆ ಮಾತುಕತೆ ನಡೆಸುವುದಿಲ್ಲ, ಅಲ್ಲಿಂದ ಸಾಲಕ್ಕೆ ಮೊಸರಿನ ಹೆಪ್ಪನ್ನೂ ತರುವುದಿಲ್ಲ. ನನಗೆ ಮದುವೆಯಾಗದಿದ್ದುದಕ್ಕೆ ಇದೇ ಕಾರಣ ಎಂದು ನಾನು ಹೇಳಿಕೊಳ್ಳುತ್ತೇನೆ, ನನ್ನ ಬಾಯಿಯೇ ಕಾರಣ ಎಂದು ಅತ್ತಿಗೆ ಹೇಳುತ್ತಾರೆ.

ಹೀಗಿರುವಾಗ ದೊರೆಗೆ ನಮ್ಮೂರು ಸಾಕಾಯಿತು. ಬರುವ ವರ್ಷ ಬಾವುಟ ಇಳಿಸಿ ಊರನ್ನು ಬೆಟ್ಟದಾಚೆಯ ಸರ್ಕಾರಕ್ಕೆ ಒಪ್ಪಿಸುವುದೆಂದು ಇಬ್ಬರೂ ಮಾತಾಡಿಕೊಂಡರು. ನಮ್ಮನ್ನು ಯಾರೂ ಕೇಳಲಿಲ್ಲ. ಆದರೆ ಇಷ್ಟು ಜನ ಒದ್ದೆ ಕಾಲಿನವರು ನಾಳೆಯಿಂದ ಯಾವ ದೇಶದವರು, ಅವರ ಕೈಗೆ ಯಾವ ರಹದಾರಿ ಎಂಬುದು ಬಾಕಿ ಉಳಿಯಿತು. ಅದನ್ನು ತೀರ್ಮಾನಿಸಲು ದೊರೆಯ ಕಡೆಯಿಂದ ಒಬ್ಬ ರಾಯಭಾರಿ ಬಂದ. ಊರಿನ ಪರವಾಗಿ ಮಾತಾಡಲು ಪಾಸ್ಕಲ್ ವಕೀಲರನ್ನು ಆರಿಸಿದರು, ಅವರಿಗೆ ದೊರೆಯ ಭಾಷೆ ನೀರು ಕುಡಿದ ಹಾಗೆ ಬರುತ್ತಿತ್ತು. ನಮ್ಮವರೊಬ್ಬರು ಇರಲೇಬೇಕು ಎಂದು ಬುಟ್ಟಿ ಮನೆಯ ಹೆಂಗಸರು ಹಟ ಹಿಡಿದರು. ಅತ್ತಿಗೆ ಹೋದರು. ಅತ್ತಿಗೆಯ ಜೊತೆಗೆ ನಾನು ಹೋದೆ, ಹೆಗಲ ಮೇಲೆ ನೆಲ ಒರೆಸುವ ಬಟ್ಟೆ ಹಾಕಿಕೊಂಡು.

ರಾಯಭಾರಿ ವಯಸ್ಸಾದ ಮನುಷ್ಯ, ತೆಳ್ಳಗೆ, ಮೃದು ಮಾತಿನವನು. ನಾವು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದನ್ನು ನೋಡಿ ತಾನೂ ಬೂಟು ಕಳಚಿ ಕಾಲುಚೀಲದಲ್ಲೇ ಕುಳಿತ. ಅಷ್ಟರಲ್ಲೇ ನಮಗೆ ಅವನ ಮೇಲೆ ಅರ್ಧ ಪ್ರೀತಿ ಬಂದುಬಿಟ್ಟಿತು. ನಮ್ಮವರು ಸೋಲುವುದು ಹೀಗೆಯೇ. ಪಾಸ್ಕಲ್ ವಕೀಲರು ನೂರು ವರ್ಷದ ಚರಿತ್ರೆ ಹೇಳಿದರು, ದೊರೆಯ ಯುದ್ಧಕ್ಕೆ ನಮ್ಮೂರಿನ ಹಡಗು ಹೋದದ್ದನ್ನು ಹೇಳಿದರು, ಎಲ್ಲರಿಗೂ ಕೆಂಪು ರಹದಾರಿ ಬೇಕು ಎಂದರು. ರಾಯಭಾರಿ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಆಮೇಲೆ, ನಮ್ಮ ದೇಶದ ಮನೆಗಳದ್ದು ಮರದ ನೆಲ, ಇಷ್ಟು ಒದ್ದೆ ಕಾಲುಗಳು ಬಂದರೆ ನೆಲವೆಲ್ಲ ಕುಂಬಾಗಿ ಕೊಳೆತುಹೋಗುತ್ತದೆ ಎಂದು ನಮ್ಮ ಜನರಿಗೆ ಹೆದರಿಕೆ ಎಂದ.

ಪಾಸ್ಕಲ್ ವಕೀಲರು ಅದನ್ನು ನಮ್ಮ ಭಾಷೆಗೆ ತಂದಾಗ ಅತ್ತಿಗೆ ಕೇಳಿದರು: "ಅವರ ದೇಶದಲ್ಲಿ ಮಳೆ ಬರುದಿಲ್ವಾ?"

"ಬರ್ತದಂತೆ, ವರ್ಷವಿಡೀ."

"ಹಾಗಾದ್ರೆ ಮಳೆಯನ್ನು ಯಾವ ರಹದಾರಿ ಕೇಳಿ ಒಳಗೆ ಬಿಡ್ತಾರೆ ಅಂತ ಕೇಳಿ. ಬಾಗಿಲಿಗೊಂದು ಕಾಲೊರಸು ನಾನೇ ಹೆಣೆದು ಕೊಡ್ತೇನೆ, ದೊರೆಯ ಮನೆಗೂ ಕೊಡ್ತೇನೆ."

ರಾಯಭಾರಿ ನಕ್ಕ. ಮನಸಾರೆ ನಕ್ಕ. ಮರುದಿನ ಮತ್ತೆ ಅದೇ ನೆಲದ ಮಾತಿಗೆ ಬಂದ.

ಎರಡನೆಯ ದಿನ ಚೌಕಾಸಿ ಶುರುವಾಯಿತು. ಎಲ್ಲರಿಗೂ ಎಂದ ಪಾಸ್ಕಲ್ ವಕೀಲರು ಅರ್ಧಕ್ಕೆ ಇಳಿದರು, ಆಮೇಲೆ ಕಾಲು ಪಾಲಿಗೆ ಇಳಿದರು, ಮೀನು ಪೇಟೆಯ ಹಾಗೆ. ರಾಯಭಾರಿ ಮಾತ್ರ ಸರ್ಕಾರಿ ನೌಕರರಿಗೆ ಎಂದವನು ಅಲ್ಲಿಯೇ ನಿಂತ. ಮೂರನೆಯ ದಿನ ಅತ್ತಿಗೆ ಎದ್ದು ನಿಂತು ಬುಟ್ಟಿ ಮನೆಗಳ ಕತೆ ಹೇಳಿದರು. ಯಾರ ಮಗ, ಯಾರ ಗಂಡ, ಯಾರ ಅಪ್ಪ, ಯಾವ ಹಡಗಿನಲ್ಲಿ ಎಂದು ಒಂದೊಂದಾಗಿ ಹೇಳಿದರು. ಹೇಳುತ್ತ ಹೇಳುತ್ತ ಕೊಠಡಿಯ ಈ ತುದಿಯಿಂದ ಆ ತುದಿಗೆ ನಡೆದರು. ಅಣ್ಣನ ಹೆಸರು ಬಂದಾಗ ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಆಗ ರಾಯಭಾರಿ ಮೇಜಿನ ಮೇಲಿನ ನೀರಿನ ಲೋಟ ಹಿಡಿದು ಎದ್ದವನೇ ಕಾಲುಚೀಲದಲ್ಲಿ ನೇರ ಅತ್ತಿಗೆಯ ಬಳಿಗೆ ನಡೆದುಹೋಗಿ ನೀರು ಕೊಟ್ಟ. ಹೋಗುವಾಗ ಅತ್ತಿಗೆಯ ಒದ್ದೆ ಹೆಜ್ಜೆಗಳ ಮೇಲೆಯೇ, ಒಂದನ್ನೂ ತಪ್ಪಿಸದೆ, ಕಾಲಿಟ್ಟು ಹೋದ.

ನಮ್ಮಲ್ಲಿ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಟ್ಟರೆ ಮಾತು ಮುಗಿಯಿತು ಎಂದು ಅರ್ಥ. ಜಮೀನು ಕೊಡುವುದು, ಹೆಣ್ಣು ಕೊಡುವುದು, ದೋಣಿ ಮಾರುವುದು ಎಲ್ಲ ಹಾಗೆಯೇ. ಬಾಯಲ್ಲಿ ಎಷ್ಟು ಹೇಳಿದರೂ ಅದು ಗಾಳಿ, ಹೆಜ್ಜೆ ಕೊಟ್ಟರೆ ಕೊಟ್ಟ ಹಾಗೆ. ಕಿಟಕಿಯಲ್ಲಿ ಇಣುಕುತ್ತಿದ್ದ ಯಾರೋ "ಹೆಜ್ಜೆ ಕೊಟ್ಟ!" ಎಂದು ಕೂಗಿದ್ದೇ ತಡ, ಹೊರಗೆ ನಿಂತ ಜನರೆಲ್ಲ ಕೂಗಿದರು. ರಾಯಭಾರಿ ಏನೋ ಹಬ್ಬವಿರಬೇಕು ಎಂದುಕೊಂಡು ಕಿಟಕಿಗೆ ಬಂದು ಕೈ ಬೀಸಿದ. ಅದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಆ ಮಧ್ಯಾಹ್ನ ನಮ್ಮೂರಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪಟಾಕಿ ಹೊಡೆದರು. ಬುಟ್ಟಿ ಮನೆಗಳಲ್ಲಿ ಕಡಲೆಬೇಳೆ ಪಾಯಸ ಮಾಡಿದರು. ಅಕ್ಕಪಕ್ಕದವರು ಒಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಗೆ ಬಂದು ಹೆಪ್ಪು ಕೇಳಿದರು. ಕಾನೂನಿನ ಪ್ರಕಾರ ಇದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ಪಾಸ್ಕಲ್ ವಕೀಲರು ಹೇಳಿದರು, ಹೇಳುತ್ತಲೇ ಮೂರು ಬಟ್ಟಲು ಪಾಯಸ ಕುಡಿದರು. ಅವರೂ ನಮ್ಮೂರಿನ ಮಗನೇ, ಹೆಜ್ಜೆಯನ್ನು ನಂಬದೆ ಇರುವುದು ಅವರಿಂದಲೂ ಆಗಲಿಲ್ಲ. ಅತ್ತಿಗೆ ಉಣ್ಣೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದರು. ಅವರ ಮುಖ ಅಷ್ಟು ಚಂದ ಕಂಡದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಂದರು ಕಚೇರಿಯ ಗೋಡೆಗೆ ಪ್ರಕಟಣೆ ಅಂಟಿಸಿದರು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಕೆಂಪು ರಹದಾರಿ, ಉಳಿದವರೆಲ್ಲರಿಗೂ ಹೊಸ ನಮೂನೆಯ ಬೂದು ರಹದಾರಿ. ಹೊಸ ನಮೂನೆ ಎಂದರೆ ರಟ್ಟು ಸ್ವಲ್ಪ ದಪ್ಪ. ಜನ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟು ಬಂತು, ಹೆಜ್ಜೆಗೆ ಮೋಸ ಮಾಡಿದ ಮನುಷ್ಯನನ್ನು ಬಿಡುವುದಿಲ್ಲ ಎಂದು ಹಾರಾಡಿದರು. ಒಣ ಕಾಲಿನವನಿಗೆ ನಮ್ಮ ಹೆಜ್ಜೆಯ ಸುದ್ದಿ ಹೇಗೆ ಗೊತ್ತಿರಬೇಕು ಎಂದು ಯೋಚಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ನಾಲ್ಕನೆಯ ದಿನಕ್ಕೆಂದು ವಕೀಲರು ಗಟ್ಟಿಯಾಗಿ ಕಟ್ಟಿಟ್ಟುಕೊಂಡಿದ್ದ ವಾದವೆಲ್ಲ ಪಾಯಸದ ಜೊತೆ ಹೊಟ್ಟೆಗೆ ಹೋಗಿತ್ತು.

ಅತ್ತಿಗೆ ಅಂದು ಕೂಗಾಡಲಿಲ್ಲ. ಹಿತ್ತಿಲಿನಲ್ಲಿ ನಾರು ಬಡಿಯುತ್ತ ಕುಳಿತಿದ್ದವರು ಇದ್ದಕ್ಕಿದ್ದಂತೆ ಎದ್ದು, "ಮಾಲೂ, ನಡಿ" ಎಂದರು.

"ಎಲ್ಲಿಗೆ?"

"ಅವನತ್ರ. ನಾಳೆ ಹಡಗು ಹತ್ತುತ್ತಾನಂತೆ. ಹೆಜ್ಜೆ ಇಟ್ಟಿದ್ದಾನಲ್ಲ, ಸುಮ್ಮನೆ ಬಿಡ್ಲಿಕ್ಕುಂಟಾ?"

ದಾರಿಯಲ್ಲಿ ಪಾಸ್ಕಲ್ ವಕೀಲರನ್ನು ಹೊರಡಿಸಿಕೊಂಡು ಹೋದೆವು. ರಾಯಭಾರಿ ಬಂಗಲೆಯಲ್ಲಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ. ಹೆಜ್ಜೆಯ ಸಂಗತಿಯನ್ನು ವಕೀಲರು ಬಿಡಿಸಿ ಹೇಳಿದಾಗ ಪಾಪ ಅವನು ಕೆಂಪಗಾದ, ತನ್ನ ಕಾಲನ್ನೇ ನೋಡಿಕೊಂಡ. ನನಗೆ ಗೊತ್ತಿರಲಿಲ್ಲ, ನೀರು ಕೊಡಲು ಬಂದೆ ಅಷ್ಟೇ ಎಂದ. ಅವನು ಹೇಳಿದ್ದು ನಿಜವೇ.

"ಗೊತ್ತಿಲ್ಲದೆ ಇಟ್ಟದ್ದು ಅಂತ ನಾನೂ ಒಪ್ಪುತ್ತೇನೆ" ಎಂದರು ಅತ್ತಿಗೆ. "ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಉಂಟು ಅಂತ ಹೇಳಿ ವಕೀಲರೇ. ಗೊತ್ತಿಲ್ಲದೆ ಹೆಜ್ಜೆ ಇಟ್ಟವರು, ಯಾರ ಹೆಜ್ಜೆಯ ಮೇಲೆ ಇಟ್ಟರೋ ಅವರು ಕೇಳಿದ ಒಂದು ಸಂಗತಿಯನ್ನು ನಡೆಸಿಕೊಡಬೇಕು. ತನ್ನ ಕೈಯಲ್ಲಿ ಆಗುವಂಥದ್ದು. ಆಗ ಹೆಜ್ಜೆ ಬಿಡಿಸಿಕೊಂಡ ಹಾಗೆ. ಇಲ್ಲದಿದ್ರೆ ಹೋದಲ್ಲೆಲ್ಲ ಆ ಹೆಜ್ಜೆ ಹಿಂದೆ ಬರ್ತದೆ."

ನಾನು ಈ ಊರಿನಲ್ಲಿ ಹುಟ್ಟಿ ಇಲ್ಲಿಯೇ ಕೂದಲು ಬಿಳಿ ಮಾಡಿಕೊಳ್ಳುತ್ತಿದ್ದವಳು, ಇಂಥ ಪದ್ಧತಿಯೊಂದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಪಾಸ್ಕಲ್ ವಕೀಲರೂ ಕೇಳಿರಲಿಲ್ಲ. ಆದರೆ ಅವರು ಮುಖ ಒಂದಿಷ್ಟೂ ಕೆಡಿಸದೆ ಅಕ್ಷರ ಬಿಡದೆ ಅನುವಾದ ಮಾಡಿದರು, ಇದು ನಮ್ಮ ಅಜ್ಜನ ಕಾಲದಿಂದ ಉಂಟು ಎಂದು ತಮ್ಮ ಕಡೆಯಿಂದ ಒಂದು ಮಾತು ಸೇರಿಸಿದರು. ರಾಯಭಾರಿ ನನ್ನ ಕಡೆ ನೋಡಿದ. ನಾನು ಭಯಭಕ್ತಿಯಿಂದ ತಲೆಯಾಡಿಸಿದೆ.

ರಾಯಭಾರಿ ಕೈಯಲ್ಲಿದ್ದ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಹೇಳಿದ್ದನ್ನು ವಕೀಲರು ಮೆಲ್ಲಗೆ ನಮ್ಮ ಭಾಷೆಗೆ ತಂದರು. "ಅಹಲ್ಯಮ್ಮ, ಇವರ ಕೈಯಲ್ಲಿ ವಿಶೇಷ ಸಂದರ್ಭಕ್ಕೆ ಅಂತ ಒಂದು ಕೆಂಪು ರಹದಾರಿ ಕೊಡುವ ಅಧಿಕಾರ ಉಂಟಂತೆ. ಒಂದೇ ಒಂದು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಆಗ್ತದಂತೆ. ನಿಮಗೆ ಕೊಡ್ತೇನೆ ಅಂತಿದ್ದಾರೆ."

ಅತ್ತಿಗೆ ಒಂಬತ್ತು ವರ್ಷ ಬುಟ್ಟಿ ಎತ್ತಿ ನೋಡಿದ್ದು ಇದಕ್ಕೇ ಅಲ್ಲವೇ? ಹೂಂ ಅನ್ನಿ ಅತ್ತಿಗೆ, ಬೇಗ ಅನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತಿಗೆ ನೆಲ ನೋಡುತ್ತ ನಿಂತಿದ್ದರು. ನಿಂತಲ್ಲಿ ಅವರ ಪಾದದ ಸುತ್ತ ನೀರು ಹರಡುತ್ತಿತ್ತು.

"ಅದು ಸಿಕ್ಕಿದ್ರೆ ಅವರು ಇಲ್ಲಿಗೆ ಬರಬಹುದಾ?" ಎಂದು ಕೇಳಿದರು.

"ಬಾವುಟ ಇಳಿದ ಮೇಲೆ ಬೇರೆ ದೇಶದವರ ಹಾಗೆ ಬಂದು ನೋಡಿ ಹೋಗಬಹುದಂತೆ."

"ಉಳಿದ ಬುಟ್ಟಿ ಮನೆಯವರು?"

ವಕೀಲರು ಅದನ್ನು ಅನುವಾದ ಮಾಡಲು ಹೋಗಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

"ಮರಳುವ ಮುದ್ರೆ ಕೊಡುದು ಯಾರ ಕೈಯಲ್ಲಿ ಉಂಟು ಅಂತ ಕೇಳಿ."

ಅದು ತನ್ನ ಕೈಯಲ್ಲೇ ಇದೆ, ಬಾವುಟ ಇಳಿಯುವವರೆಗೆ ಬಂದರಿಗೆ ಆಜ್ಞೆ ಕೊಡುವವನು ತಾನೇ ಎಂದ ರಾಯಭಾರಿ. ಅವನ ದೊರೆಗೆ ಅದರಿಂದ ಹೋಗುವುದು ಏನೂ ಇರಲಿಲ್ಲ, ಹೇಗೂ ಊರನ್ನು ಇನ್ನೊಬ್ಬರಿಗೆ ದಾಟಿಸುವವನು. ಇಷ್ಟು ದಿನ ನಾವೆಲ್ಲ ಅಲ್ಲಿಗೆ ಹೋಗುವ ಹಕ್ಕಿಗೆ ಬಡಿದಾಡಿದ್ದೆವೇ ಹೊರತು, ಮನೆಗೆ ಬರುವ ಹಕ್ಕನ್ನು ಬಾಯಿಬಿಟ್ಟು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮನೆಗೆ ಬರಲು ಯಾರಾದರೂ ಹಕ್ಕು ಕೇಳುತ್ತಾರೆಯೇ?

"ಹಾಗಾದ್ರೆ ಅದನ್ನು ಕೊಡ್ಲಿ" ಎಂದರು ಅತ್ತಿಗೆ. "ಹೊರಗೆ ಸಿಕ್ಕಿಬಿದ್ದ ನಮ್ಮವರಿಗೆ ಎಲ್ಲರಿಗೂ. ಅಲ್ಲಿಗೆ ಹೋಗುದು ಬೇಡ. ಇಲ್ಲಿ ಇಳಿಯಲಿಕ್ಕೆ ಬಿಡ್ಲಿ, ಸಾಕು."

ರಾಯಭಾರಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಆಮೇಲೆ ಅಲ್ಲಿಯೇ ಕುಳಿತು ಆಜ್ಞೆ ಬರೆದು ಸಹಿ ಹಾಕಿದ. ನಾವು ಹೊರಡುವಾಗ ಬಾಗಿಲವರೆಗೆ ಬಂದ, ಈ ಸಲ ಅತ್ತಿಗೆಯ ಹೆಜ್ಜೆಗಳನ್ನು ಬಹಳ ಜಾಗ್ರತೆಯಿಂದ ತಪ್ಪಿಸಿಕೊಂಡು ನಡೆದ.

ಮನೆಗೆ ಬಂದ ಅತ್ತಿಗೆ ಮಾಡಿದ್ದು ಒಂದು ವಿಚಿತ್ರ. ಬಿಸಿಲಿಗೆ ಹಾಕಿದ್ದ ಉಣ್ಣೆಯ ಕೋಟನ್ನು ತಂದು ಸೀರೆಯ ಮೇಲೆ ತೊಟ್ಟುಕೊಂಡರು. ಕುತ್ತಿಗೆಯ ಗುಂಡಿಯವರೆಗೆ ಹಾಕಿಕೊಂಡು ಜಗಲಿಯಲ್ಲಿ ಕುಳಿತರು. ಸುಡುಬೇಸಿಗೆ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ನಾನು ಬೀಸಣಿಗೆ ತಂದೆ, ಬೇಡ ಎಂದರು. "ಅಲ್ಲಿ ಮಂಜು ಬೀಳ್ತದಂತೆ ಮಾಲೂ. ಮಂಜಿನ ಮೇಲೆ ನಮ್ಮ ಹೆಜ್ಜೆ ಹೇಗೆ ಕಾಣ್ತದೆ ಅಂತ ಒಂದು ಸಲ ನೋಡಬೇಕಿತ್ತು. ಅವರ ಕೈ ಹಿಡ್ಕೊಂಡು ಒಂದೇ ಒಂದು ಸಲ" ಎಂದರು. ಆಮೇಲೆ ಅತ್ತರು. ನಾನೂ ಪಕ್ಕದಲ್ಲಿ ಕುಳಿತು ಅತ್ತೆ. ನನಗೆ ಮಂಜಿನ ಆಸೆಯೇನೂ ಇರಲಿಲ್ಲ, ಅವರಿಗೆ ಅಷ್ಟು ಆಸೆಯಿತ್ತಲ್ಲ ಎಂದು ಅತ್ತೆ.

ಆಜ್ಞೆ ತಂತಿಯಲ್ಲಿ ಬಂದರು ಬಂದರಿಗೆ ಹೋಯಿತು. ಮಳೆಗಾಲ ಕಳೆದು ಹಡಗುಗಳು ಬರತೊಡಗಿದವು. ಒಬ್ಬೊಬ್ಬರಾಗಿ ಬಂದರು. ಹೋಗುವಾಗ ಮೀಸೆ ಬಾರದವನು ಬೋಳು ತಲೆಯವನಾಗಿ ಬಂದ. ಒಬ್ಬ ಪರಭಾಷೆಯ ಹಾಡು ಹೇಳುತ್ತ ಬಂದ. ಒಬ್ಬನ ಬದಲು ಅವನ ಪೆಟ್ಟಿಗೆ ಮಾತ್ರ ಬಂತು, ಆ ಮನೆಯವರು ಅದನ್ನೇ ಒಳಗೆ ಕರೆದುಕೊಂಡರು. ಬೀದಿಯ ಬುಟ್ಟಿಗಳು ಒಂದೊಂದಾಗಿ ಏಳುತ್ತ ಬಂದವು. ಬಾವುಟ ಇಳಿಯುವ ದಿನವೂ ಹತ್ತಿರ ಬರುತ್ತಿತ್ತು. ಬೆಟ್ಟದಾಚೆಯ ಸರ್ಕಾರ ನಮ್ಮನ್ನು ಏನೆಂದು ಕರೆಯುತ್ತದೆ, ಮರಳಿ ಬಂದವರನ್ನು ಇರಗೊಡುತ್ತದೆಯೇ ಇಲ್ಲವೇ ಎಂದು ಕೇಳಿದರೆ ಪಾಸ್ಕಲ್ ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅಣ್ಣನ ಹಡಗಿನ ಸುದ್ದಿಯಿರಲಿಲ್ಲ. ಅತ್ತಿಗೆ ಬುಟ್ಟಿ ಎತ್ತಿ ನೋಡುವುದು ದಿನಕ್ಕೊಂದು ಸಲ ಇದ್ದದ್ದು ಹತ್ತು ಸಲವಾಯಿತು.

ಕಡೆಗೊಂದು ಬೆಳಿಗ್ಗೆ ಹಡಗು ಬಂತು. ಅತ್ತಿಗೆ ಬಂದರಿಗೆ ಬರಲಿಲ್ಲ. ಆ ಹಗ್ಗದ ಈಚೆ ಇನ್ನೊಂದು ಸಲ ನಿಲ್ಲುವುದು ನನ್ನಿಂದಾಗದು, ಮನೆಯ ದಾರಿ ಅವರಿಗೆ ಗೊತ್ತುಂಟು ಎಂದರು. ನಾನೊಬ್ಬಳೇ ಹೋದೆ. ಅಣ್ಣ ಬಡಗಿಯ ಹತಾರದ ಚೀಲ ಹೊತ್ತುಕೊಂಡು ಇಳಿದ. ನರೆತಿದ್ದ, ಬೆನ್ನು ಸ್ವಲ್ಪ ಬಾಗಿತ್ತು. ಮುದ್ರೆ ಒತ್ತಿಸಿಕೊಂಡು ಈಚೆ ಬಂದವನಿಗೆ ನಾನು ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಮಾಲು ಅಲ್ವಾ? ಎಂತ ಮಾರಾಯ್ತಿ, ಮುದುಕಿ ಆಗಿದ್ದಿ" ಎಂದ. ನೀನೇನು ಮದುಮಗನ ಹಾಗೆ ಇದ್ದೀಯಾ ಎಂದೆ. ದಾರಿಯುದ್ದಕ್ಕೂ ಜನ ಮಾತಾಡಿಸಿದರು. ಅಣ್ಣ ಎಲ್ಲರಿಗೂ ತಲೆಬಾಗಿ ಉತ್ತರಿಸುತ್ತಿದ್ದ, ಅಗತ್ಯಕ್ಕಿಂತ ಹೆಚ್ಚೇ ತಲೆಬಾಗುತ್ತಿದ್ದ. ಅಂಗಡಿಯ ಕಟ್ಟೆಯಲ್ಲಿ ಕುಳಿತು ನೀರು ಕುಡಿ ಎಂದರೆ, ಇಲ್ಲಿ ಕೂತರೆ ಯಾರೂ ಏನೂ ಹೇಳುವುದಿಲ್ಲ ತಾನೇ ಎಂದು ನನ್ನನ್ನು ಕೇಳಿದ. ನಮ್ಮ ಅಪ್ಪ ದಿನಾ ಸಂಜೆ ಕುಳಿತುಕೊಳ್ಳುತ್ತಿದ್ದ ಕಟ್ಟೆ ಅದು.

ಮನೆಯ ಬಾಗಿಲಿಗೆ ಬಂದೆವು. ಅತ್ತಿಗೆ ಹೊಸ್ತಿಲ ಒಳಗೆ ನಿಂತಿದ್ದರು. ತಲೆಗೆ ಹೂ ಮುಡಿದಿದ್ದರು. ಅಣ್ಣ ಕಾಲೊರಸಿನ ಮೇಲೆ ನಿಂತ, ಒಳಗೆ ಬರಲಿಲ್ಲ. ಅತ್ತಿಗೆಯನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಕೈ ತಾನಾಗಿ ಅಂಗಿಯ ಒಳಗೆ ಹೋಯಿತು, ಬೂದು ರಹದಾರಿಯನ್ನು ತೆಗೆಯಿತು, ಪುಟ ಬಿಡಿಸಿ ಎರಡೂ ಕೈಯಲ್ಲಿ ಅತ್ತಿಗೆಯ ಮುಂದೆ ಹಿಡಿಯಿತು.

"ದಾಮೋದರ" ಎಂದ, ತಗ್ಗಿದ ದನಿಯಲ್ಲಿ, ಕಣ್ಣು ಕೆಳಗೆ ಹಾಕಿ. "ಬಡಗಿ. ಹಡಗು ಹೊರಡುವವರೆಗೆ ಮಾತ್ರ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಣ್ಣನಿಗೂ ತಾನು ಏನು ಹೇಳಿದೆ ಎಂದು ಅರಿವಾಯಿತೋ ಏನೋ, ಆದರೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಅವನಿಂದ ಆಗಲಿಲ್ಲ. ಒಂಬತ್ತು ವರ್ಷ ಕಂಡ ಕಂಡ ಬಾಗಿಲಲ್ಲಿ ಹಾಗೆಯೇ ನಿಂತು ಅಭ್ಯಾಸವಾದ ಕೈ ಅದು. ಅತ್ತಿಗೆ ರಹದಾರಿಯನ್ನು ತೆಗೆದುಕೊಂಡರು. ನಗಲಿಲ್ಲ. ಪುಟಗಳನ್ನು ಒಂದೊಂದಾಗಿ ತಿರುವಿದರು. ಫೋಟೋ ನೋಡಿದರು, ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಸರಿ ಉಂಟು" ಎಂದರು. "ಒಳಗೆ ಬನ್ನಿ."

"ಎಷ್ಟು ದಿನಕ್ಕೆ?" ಎಂದು ಕೇಳಿದ ಅಣ್ಣ.

ಬಂದರಿನ ಮೇಲೆ ಬಾವುಟ ಇನ್ನೂ ಹಾರುತ್ತಿತ್ತು, ಎಷ್ಟು ದಿನ ಎಂದು ಯಾರಿಗೂ ತಿಳಿಯದು. ಅತ್ತಿಗೆ ರಹದಾರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಣ್ಣನ ಮಣಿಕಟ್ಟು ಹಿಡಿದು ಎಳೆದರು. ಎಳೆದ ರಭಸಕ್ಕೆ ಹತಾರದ ಚೀಲ ಜಗಲಿಗೆ ಬಿತ್ತು, ಅಣ್ಣ ಹೊಸ್ತಿಲಿಗೆ ಎಡವಿ, ಮುಗ್ಗರಿಸಿ, ಅತ್ತಿಗೆಯ ಮೇಲೆಯೇ ಬಿದ್ದ. ಬುಟ್ಟಿ ಎತ್ತಿ ನೋಡುವುದು ಆವತ್ತು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಹಾಗೆ ನಮ್ಮಣ್ಣ ಮನೆಗೆ ಬಂದ.